ಹದಿನಾಲ್ಕನೇ ಇಲಿಯ ಹೊಳಪು

ಸೋಮವಾರ, ಮಧ್ಯಾಹ್ನ ಎರಡೂಕಾಲು
ಪ್ರಯೋಗಾಲಯ, ಕಿಟಕಿ ಪಕ್ಕದ ಮೇಜು
(ಮೇಜಿನ ಒಂದು ಕಾಲು ಗಿಡ್ಡ. ಅಕ್ಷರ ಅಲುಗಾಡಿದ್ದರೆ ಅದರದೇ ತಪ್ಪು.)

ಇವರಿಗೆ,
ಶ್ರೀಮಾನ್ ಅಪ್ಪನವರು,
ನಾಟಕಶಾಲೆಯ ಹಿರಿಯ ದೀಪ ನಿರ್ವಾಹಕರು,
ಹಜಾರದ ಬೆತ್ತದ ಕುರ್ಚಿ, ಮನೆ.

ಇವರಿಂದ,
ತಮ್ಮ ಹಿರಿಯ, ಕಿರಿಯ ಹಾಗೂ ಏಕೈಕ ಪುತ್ರಿ.

ವಿಷಯ: ಬರುವ ಗುರುವಾರ ಬೆಳಿಗ್ಗೆ ಏಳು ಗಂಟೆಗೆ ತಾವು ಆಸ್ಪತ್ರೆಗೆ ಹೋಗಿ ತಮ್ಮ ಎದೆಯನ್ನು ಡಾಕ್ಟರ ವಶಕ್ಕೆ ಒಪ್ಪಿಸುವ ಬಗ್ಗೆ.

ಉಲ್ಲೇಖ: ನಿನ್ನೆ ಊಟದ ಹೊತ್ತಿನಲ್ಲಿ ತಾವು ಅಮ್ಮನ ಮುಂದೆ ಹೊರಡಿಸಿದ "ನಾನು ಬರಲ್ಲ, ಕುಯ್ಯಿಸ್ಕೊಳಲ್ಲ, ಮುಗೀತು" ಎಂಬ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇತ್ತ ಕ್ಷೇಮ ಎಂದು ಬರೆಯುವ ಪದ್ಧತಿಯನ್ನು ಈ ಅರ್ಜಿಯ ಮಟ್ಟಿಗೆ ಅಮಾನತಿನಲ್ಲಿ ಇಡಲಾಗಿದೆ. ಇತ್ತ ಅಷ್ಟೇನೂ ಕ್ಷೇಮವಿಲ್ಲ. ಅತ್ತಲಿನ ಕ್ಷೇಮ ಎಷ್ಟೆಂದು ನನಗೆ ಗೊತ್ತು, ಇಬ್ಬರೂ ಒಂದೇ ಮನೆಯಲ್ಲಿದ್ದೇವೆ.

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಯಾಕೆ ಎಂದು ತಾವು ಹುಬ್ಬೇರಿಸಬಹುದು. ಕಾನೂನು ತಮ್ಮದೇ ಸ್ವಾಮಿ. ಒಂಬತ್ತನೇ ತರಗತಿಯಲ್ಲಿ ನಾನು ಅಮ್ಮನ ದನಿ ಮಾಡಿ ಶಾಲೆಗೆ ಫೋನ್ ಹಚ್ಚಿ, "ಹಲೋ, ಕೇಳಿಸ್ತಿದೆಯೇನ್ರೀ? ನಮ್ಮ ಹುಡುಗಿಗೆ ಮೈ ಕೆಂಡದ ಹಾಗೆ ಸುಡ್ತಿದೆ ಕಣ್ರೀ" ಎಂದು ರಜೆ ಕೇಳಿದ್ದು ನೆನಪಿರಬೇಕು. ಹೆಡ್‌ಮೇಡಂ ತುಂಬ ವಿನಯದಿಂದ, "ಆಗಲಿ ಬಿಡಿ, ಮಲಗಿಸಿ. ಆದ್ರೆ ನೀವು ಇಲ್ಲಿ ನನ್ನೆದುರಿಗೇ ಕೂತಿದೀರಲ್ಲ?" ಎಂದರು. ಅಮ್ಮ ಅವತ್ತೇ ನನ್ನ ಅಂಕಪಟ್ಟಿ ತರಲು ಹೋಗಿದ್ದಳು! ಸಂಜೆ ತಾವು ನಗು ತಡೆಯಲಾರದೆ ಕೆನ್ನೆ ಉಬ್ಬಿಸಿಕೊಂಡು ಶಾಸನ ಹೊರಡಿಸಿದಿರಿ. ಈ ತಲೆಹರಟೆ ಬಾಯಲ್ಲಿ ಹೇಳಿದ್ದೆಲ್ಲ ತಮಾಷೆಯಾಗಿಬಿಡುತ್ತದೆ, ಆದ್ದರಿಂದ ಬಾಯಲ್ಲಿ ಒಪ್ಪಿಕೊಂಡ ತಪ್ಪಿಗೆ ಪೂರ್ತಿ ಶಿಕ್ಷೆ. ಬರೆದು ಕೊಟ್ಟರೆ ಅರ್ಧ. ಸಿಕ್ಕಿಬೀಳುವ ಮೊದಲೇ ಬರೆದು ಕೊಟ್ಟರೆ ಕಾಲು. ಅರ್ಜಿಯನ್ನು ತಮ್ಮ ಸಲಕರಣೆ ಪೆಟ್ಟಿಗೆಯಲ್ಲಿ ಹಾಕಬೇಕು, ಎಡಗಡೆ ಅಂಚು ಬಿಟ್ಟಿರಬೇಕು, ಆದೇಶವನ್ನು ಅಲ್ಲಿ ಬರೆಯಲಾಗುವುದು. ಅಂದಿನಿಂದ ಮೂವತ್ತೊಂದು ಅರ್ಜಿ ಆಗಿವೆ. ಇದು ಮೂವತ್ತೆರಡನೆಯದು.

ಅಲಾರಂ ಹೊಡೆಯಿತು. ಒಂದು ನಿಮಿಷ.

ಬಂದೆ. ಗಾಜಿನ ಪಟ್ಟಿಗಳ ಮೇಲೆ ಹಾಕಿದ ದ್ರವವನ್ನು ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಿಸಬೇಕು. ಆದ್ದರಿಂದ ಈ ಅರ್ಜಿ ಇಪ್ಪತ್ತಿಪ್ಪತ್ತು ನಿಮಿಷದ ತುಂಡುಗಳಲ್ಲಿ ಬರುತ್ತದೆ. ನಿಜ ಹೇಳಬೇಕೆಂದರೆ ಅಲಾರಂ ಇಲ್ಲದಿದ್ದರೂ ನಾನು ಎದ್ದೆದ್ದು ಓಡಾಡುತ್ತಿದ್ದೆ. ಬೆಳಗಿನಿಂದ ನಾಲ್ಕು ಸಲ ಕೈ ತೊಳೆದಿದ್ದೇನೆ, ಎರಡು ಸಲ ಪೆನ್ ಬದಲಿಸಿದ್ದೇನೆ, ಒಂದು ಸಲ ಫ್ರಿಜ್ಜಿನ ಬಾಗಿಲು ತೆಗೆದು ಯಾಕೆ ತೆಗೆದೆ ಎಂದು ಅದನ್ನೇ ಕೇಳಿದ್ದೇನೆ.

ಈಗ ತಮ್ಮ ಮೇಲಿನ ಆರೋಪಪಟ್ಟಿ. ಎಂಟು ತಿಂಗಳ ಹಿಂದೆ ತಾಲೀಮಿನ ನಡುವೆ ತಮಗೆ ಹೃದಯಾಘಾತವಾಯಿತು. ಹೃದಯದ ಗೋಡೆಯ ಒಂದು ಭಾಗ ಸತ್ತು ಕಲೆಯಾಗಿ ಉಳಿಯಿತು. ಮೂರು ರಕ್ತನಾಳ ಕಟ್ಟಿಕೊಂಡಿವೆ, ಬೈಪಾಸ್ ಆಗಲೇಬೇಕು, ತಡ ಮಾಡಿದಷ್ಟೂ ಅಪಾಯ ಎಂದು ಡಾಕ್ಟರು ಹೇಳಿದರು. ಕಳೆದ ತಿಂಗಳು ಒಂದು ದಿನ ಗೊತ್ತಾಗಿತ್ತು, ಅದು ಮುಂದಕ್ಕೆ ಹೋಯಿತು. ತಾವು ಅದನ್ನೇ ಶುಭಶಕುನ ಎಂದುಕೊಂಡು, "ಒಳ್ಳೇದೇ ಆಯ್ತು, ಅಷ್ಟರಲ್ಲಿ ನಮ್ಮ ಹುಡುಗಿ ಔಷಧಿ ಬರುತ್ತೆ" ಎಂದು ಬೀದಿಗೆಲ್ಲ ಸಾರಿದಿರಿ. ಎದೆಮೂಳೆ ಕೊಯ್ದು ತಂತಿ ಹಾಕಿ ಹೊಲಿದ ಮೇಲೆ ಏಣಿ ಹತ್ತಿ ದೀಪ ಎತ್ತಲಾಗುವುದಿಲ್ಲ ಎಂಬುದು ತಮ್ಮ ವಾದ. ಹುಡುಗಿಯ ಔಷಧಿಗೆ ಸೂಜಿ ಸಾಕು ಎಂಬುದು ತಮ್ಮ ಸಾಕ್ಷಿ. ತಮ್ಮ ಕನ್ನಡಿಯ ಮೂಲೆಗೆ ಸಿಕ್ಕಿಸಿರುವ ಫೋಟೋ ತಮ್ಮ ದಾಖಲೆ.

ಆ ಫೋಟೋ ಕೊಟ್ಟವಳು ನಾನು. ಕಪ್ಪು ಹಿನ್ನೆಲೆಯಲ್ಲಿ ಹೆಬ್ಬೆರಳ ತುದಿಯಷ್ಟು ಇಲಿಯ ಹೃದಯ, ಅದರ ಗಾಯದ ಸುತ್ತ ಹಸಿರು ಹೊಳಪು. ತಾವು ಅದನ್ನು ಎಷ್ಟು ಹೊತ್ತು ನೋಡಿದಿರಿ! ಕನ್ನಡಕ ಏರಿಸಿ, ಇಳಿಸಿ, ದೂರ ಹಿಡಿದು. ಆಮೇಲೆ ಪಕ್ಕದ ಮನೆಯ ಟೈಲರ್ ಮಾಮನ ಹತ್ತಿರ, "ನನ್ನ ಮಗಳು ಹೃದಯಕ್ಕೆ ಲೈಟ್ ಹಾಕ್ತಾಳೆ ಕಣಯ್ಯ. ಅಪ್ಪನ ಕಸುಬೇ, ಸ್ಟೇಜ್ ಬೇರೆ" ಎಂದಿರಿ. ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು, "ಹಾಗಾದ್ರೆ ಕರೆಂಟ್ ಹೋದ್ರೆ?" ಎಂದರು. ನಾವು ಮೂವರೂ ನಕ್ಕೆವು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ.

ಅಲಾರಂ.

ಇನ್ನು ಮೇಲೆ "ತಾವು" ಬಿಡುತ್ತೇನೆ ಅಪ್ಪ. ಹಾಗೆ ಬರೆದರೆ ಸುಳ್ಳು ಹೇಳುವುದು ತೀರಾ ಸಲೀಸು.

ನಾವು ಇಲ್ಲಿ ಮಾಡುವ ಕೆಲಸವನ್ನು ನಿನಗೆ ಅರ್ಧ ಮಾತ್ರ ಹೇಳಿದ್ದೇನೆ. ಪೂರ್ತಿ ಹೀಗಿದೆ. ಗಂಡಿಲಿಯ ಮೂಳೆಯ ಮಜ್ಜೆಯಿಂದ ಕಾಂಡಕೋಶ ತೆಗೆಯುತ್ತೇವೆ. ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಕೋಶಗಳು ಅವು. ಅವುಗಳಿಗೆ ಹೊಳೆಯುವ ನ್ಯಾನೋ ಕಣ ತಿನ್ನಿಸುತ್ತೇವೆ, ಕೂದಲೆಳೆಯ ದಪ್ಪದಲ್ಲಿ ಸಾವಿರ ಕಣ ಸಾಲಾಗಿ ನಿಲ್ಲಬಹುದು, ಅಷ್ಟು ಸಣ್ಣವು. ಹೊಟ್ಟೆ ತುಂಬ ಬೆಳಕು ತಿಂದ ಆ ಕೋಶಗಳನ್ನು ಗಾಯಗೊಂಡ ಹೆಣ್ಣಿಲಿಯ ಹೃದಯಕ್ಕೆ ಸೂಜಿಯಲ್ಲಿ ಚುಚ್ಚುತ್ತೇವೆ. ಆಮೇಲೆ ಅವು ಅಲ್ಲೇ ಉಳಿದವೋ, ಎತ್ತಲಾದರೂ ಹೋದವೋ ಎಂದು ನೇರಳೆ ದೀಪ ಹಾಕಿ ಹುಡುಕುತ್ತೇವೆ. ಬರೀ ಕಣಗಳನ್ನೇ ಚುಚ್ಚಿ ನೋಡಿದ್ದೆವು, ಎರಡೇ ದಿನದಲ್ಲಿ ತೊಳೆದುಹೋದವು. ಹಾಗಾಗಿ ಮೂರು ವಾರ ಉಳಿದ ಹೊಳಪು ಅಂದರೆ ಬದುಕಿರುವ ಕೋಶವೇ ಎಂದು ನಂಬಿದೆವು. ನಾನು, ಈ ಪ್ರಯೋಗಾಲಯ ನಡೆಸುವ ನಮ್ಮ ಮೇಡಂ, ಎಲ್ಲರೂ.

ಇಲಿಗಳನ್ನು ಹೃದಯದ ಕೆಲಸಕ್ಕೆ ತಂದುಕೊಡುವವರು ಇಲಿಮಾವ. ಹೆಸರು ನಾನಿಟ್ಟದ್ದು, ಸಿಟ್ಟು ಅವರದ್ದು. ಇಪ್ಪತ್ತು ವರ್ಷದಿಂದ ಇಲಿ ನೋಡಿಕೊಳ್ಳುತ್ತಿದ್ದಾರೆ, ನನಗಿಂತ ಇಲಿಗಳಿಗೇ ಹೆಚ್ಚು ಮರ್ಯಾದೆ ಕೊಡುತ್ತಾರೆ. ಮೂರು ತಿಂಗಳ ಹಿಂದೆ ನನಗೊಂದು ಮಹಾ ಯೋಚನೆ ಬಂತು. ಉಳಿದ ಕಣಗಳಿಂದ ಅವರ ಮುಖಗವಸಿನ ಮೇಲೆ ಒಂದು ಮೀಸೆ ಬರೆಯುವುದು! ಬೆಳಕಿನಲ್ಲಿ ಏನೂ ಕಾಣುವುದಿಲ್ಲ, ಕತ್ತಲೆ ಕೋಣೆಗೆ ಬಂದು ನೇರಳೆ ದೀಪದ ಕೆಳಗೆ ನಿಂತಾಗ ಮಾತ್ರ ಕಿವಿಯಿಂದ ಕಿವಿಗೆ ಹಸಿರು ಮೀಸೆ. ಅದು ಆಯಿತು ಕೂಡ. ಎಂದೂ ನಗದ ಮೇಡಂ ಕುರ್ಚಿ ಹಿಡಿದುಕೊಂಡು ನಕ್ಕರು. ಇಲಿಮಾವ, "ಏನಾಯ್ತು ಮೇಡಂ, ಇಲಿ ಏನಾದ್ರೂ ಮಾಡ್ತಾ?" ಎಂದು ಮೀಸೆಸಮೇತ ಕೇಳಿದರು.

ಈ ಕತೆಯನ್ನು ನಿನಗೆ ಹೇಳಿದ್ದೆ. ಅದೇ ಮಧ್ಯಾಹ್ನದ ಇನ್ನೊಂದು ಕತೆ ಹೇಳಿರಲಿಲ್ಲ.

ಕೋಶಗಳ ಕೊಳವೆಯನ್ನು ಬೆಚ್ಚಗಿನ ನೀರಿನ ತೊಟ್ಟಿಯಲ್ಲಿ ಇಟ್ಟಿದ್ದೆ. ನೀರು ಮೈಬಿಸಿಯಷ್ಟು ಇರಬೇಕು, ಮೂವತ್ತೇಳು. ಬೆಳಿಗ್ಗೆ ಬೇರೊಂದು ಕೆಲಸಕ್ಕೆ ಅದನ್ನು ಐವತ್ತಾರಕ್ಕೆ ಏರಿಸಿದವಳು ನಾನೇ, ಇಳಿಸಲು ಮರೆತವಳೂ ನಾನೇ. ಮೀಸೆಯ ಎಡತುದಿಯ ಸುರುಳಿ ಸರಿಯಾಗಿ ಬರಲಿಲ್ಲವೆಂದು ಇನ್ನೊಮ್ಮೆ ಬರೆಯುತ್ತಾ ಕೂತೆ. ಕೊಳವೆ ತೆಗೆದಾಗ ಬೆರಳು ಚುರ್ ಎಂದಿತು.

ಸೂಜಿಗೆ ತುಂಬುವ ಮುಂಚೆ ಒಂದು ಹನಿಗೆ ನೀಲಿ ಬಣ್ಣ ಹಾಕಿ ನೋಡುವುದು ಇಲ್ಲಿನ ನಿಯಮ. ಬದುಕಿರುವ ಕೋಶ ನೀಲಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸತ್ತದ್ದು ಬಿಟ್ಟುಕೊಳ್ಳುತ್ತದೆ. ನೋಡಿದೆ. ಎಲ್ಲ ನೀಲಿ. ಅತ್ತ ಕೋಣೆಯಲ್ಲಿ ಹದಿನಾಲ್ಕನೇ ಇಲಿ ಅರಿವಳಿಕೆಯ ಮತ್ತೇರಿ ಮಲಗಿತ್ತು, ಮೇಡಂ ಕೈ ಚಾಚಿ, "ಕೊಡೇ, ಬೇಗ" ಎನ್ನುತ್ತಿದ್ದರು. ಕೊಟ್ಟೆ. ರಿಜಿಸ್ಟರಿನಲ್ಲಿ, ಬದುಕಿರುವ ಕೋಶಗಳು ನೂರಕ್ಕೆ ತೊಂಬತ್ತೆರಡು ಎಂದು ಬರೆದೆ. ದುಂಡಗೆ ಬರೆದೆ ಅಪ್ಪ. ನನ್ನ ಅಕ್ಷರ ಅಷ್ಟು ಚೆನ್ನಾಗಿ ಮತ್ತೆ ಎಂದೂ ಬಂದಿಲ್ಲ.

ಮೂರು ವಾರ ಕಳೆದ ಮೇಲೆ ಎಲ್ಲ ಹೃದಯಗಳನ್ನೂ ತೆಗೆದು ದೀಪ ಹಾಕಿದೆವು. ಹದಿನಾಲ್ಕನೆಯದು ಎಲ್ಲಕ್ಕಿಂತ ಚೆನ್ನಾಗಿ ಹೊಳೆಯಿತು! ಮೇಡಂ, "ಇದು ನೋಡು, ಇದು!" ಎಂದು ಅದರದೇ ಫೋಟೋ ದೊಡ್ಡದು ಮಾಡಿಸಿದರು. ನಾನೇನು ಅಂದುಕೊಂಡೆ ಗೊತ್ತಾ? ಅವತ್ತು ನನ್ನ ಕಣ್ಣೇ ಮೋಸ ಮಾಡಿರಬೇಕು. ಎಲ್ಲೋ ಕೆಲವು ಬದುಕಿದ್ದವು, ಎದ್ದು ಕೂತಿವೆ. ಎಷ್ಟು ಜೋರಾಗಿ ಅಂದುಕೊಂಡೆ ಎಂದರೆ, ಅದೇ ಫೋಟೋವನ್ನು ಮನೆಗೆ ತಂದು ನಿನ್ನ ಕೈಗೆ ಕೊಟ್ಟೆ.

ನಿನ್ನ ಕನ್ನಡಿಯಲ್ಲಿರುವುದು ಹದಿನಾಲ್ಕನೇ ಇಲಿಯ ಹೃದಯ.

ಅಲಾರಂ. ಈ ಸಲ ಅದಕ್ಕೆ ನಮಸ್ಕಾರ.

ಮೂರು ಗಂಟೆ ಹತ್ತು ನಿಮಿಷ. ಹೊರಗೆ ಯಾರೋ ಸ್ಕೂಟರ್ ಒದೆಯುತ್ತಿದ್ದಾರೆ, ಅದು ಹೊರಡುತ್ತಿಲ್ಲ. ಎದ್ದು ಹೋಗಿ ನಾನೇ ಒದ್ದು ಬರೋಣ ಎನ್ನಿಸುತ್ತಿದೆ.

ಹೊಳಪು ಕಂಡರೆ ಸಾಲದು, ಒಂದು ಪರೀಕ್ಷೆ ಬಾಕಿ ಇತ್ತು. ಅದು ನಿಧಾನದ, ಬೇಸರದ ಕೆಲಸ, ಅದಕ್ಕೇ ಕೊನೆಗೆ ಇಟ್ಟಿದ್ದೆವು. ಚುಚ್ಚಿದ್ದು ಗಂಡಿಲಿಯ ಕೋಶ, ಹೃದಯ ಹೆಣ್ಣಿಲಿಯದು. ಹೃದಯವನ್ನು ತೆಳ್ಳಗೆ ಕೊಯ್ದು ನೋಡಿದರೆ ಚುಚ್ಚಿದ ಕೋಶದಲ್ಲಿ ಮಾತ್ರ ಗಂಡಿನ ಗುರುತು, ಅಂದರೆ ವೈ ವರ್ಣತಂತು, ಸಿಗಬೇಕು. ಕಳೆದ ವಾರ ಮೊದಲು ಹದಿನಾಲ್ಕನ್ನೇ ಕೊಯ್ದೆ, ನನಗೆ ತಿಳಿಯಬೇಕಿತ್ತಲ್ಲ. ಹೊಳಪು ರಾಶಿ ರಾಶಿ. ಗಂಡಿನ ಗುರುತು ಒಂದೂ ಇಲ್ಲ. ಆಮೇಲೆ ಹೆದರಿಕೊಂಡು ಒಂಬತ್ತನೆಯದನ್ನು ಕೊಯ್ದೆ, ಹನ್ನೊಂದನೆಯದನ್ನು ಕೊಯ್ದೆ. ಅವುಗಳಿಗೆ ಹೋಗಿದ್ದು ಒಳ್ಳೆಯ, ಜೀವಂತ ಕೋಶಗಳು. ಅಲ್ಲೂ ಹೊಳಪು ಬೇಕಾದಷ್ಟು, ಗುರುತು ನೂರಕ್ಕೆ ಎರಡೋ ಮೂರೋ.

ಆಗಿದ್ದು ಇಷ್ಟು. ಚುಚ್ಚಿದ ಕೋಶಗಳಲ್ಲಿ ಬಹುಪಾಲು ಕೆಲವೇ ದಿನದಲ್ಲಿ ಸಾಯುತ್ತವೆ. ದೇಹದಲ್ಲಿ ಕಸ ನುಂಗುವ ಕೋಶಗಳಿವೆ, ಅವು ಬಂದು ಸತ್ತವನ್ನು ನುಂಗುತ್ತವೆ, ಒಳಗಿರುವ ಕಣಗಳ ಸಮೇತ. ಆಮೇಲೆ ಹೊಟ್ಟೆಯಲ್ಲಿ ದೀಪ ಇಟ್ಟುಕೊಂಡು ಅಲ್ಲೇ ಓಡಾಡಿಕೊಂಡಿರುತ್ತವೆ. ನಾವು ಅವನ್ನೇ ನೋಡಿ, ಬದುಕಿವೆ ಬದುಕಿವೆ ಎಂದು ಕುಣಿದೆವು.

ನೀನೇ ಹೇಳುತ್ತಿದ್ದ ಕತೆ ನೆನಪು ಮಾಡಿಕೊ. ರಾಜನ ಪಾತ್ರದವನಿಗೆ ದೀರ್ಘ ಮೌನದ ದೃಶ್ಯ, ನೀನು ಮೇಲಿನಿಂದ ಅವನ ಮೇಲೆ ದುಂಡು ಬೆಳಕು ಬಿಟ್ಟಿದ್ದೆ. ಅವನಿಗೆ ತಡೆಯಲಾರದ ಬಾಯಾರಿಕೆ. ಮೆಲ್ಲಗೆ ಹಿಂದೆ ಸರಿದು ನೀರು ಕುಡಿಯಲು ಹೋದ. ಅಷ್ಟರಲ್ಲಿ ನಿನ್ನ ಕಣ್ಣು ತಂತಿಯ ಮೇಲಿತ್ತು, ಗೊತ್ತಾಗಲಿಲ್ಲ. ಬೆಳಕು ಸಿಂಹಾಸನಕ್ಕೆ ನೇತುಹಾಕಿದ ಅವನ ನಿಲುವಂಗಿಯ ಮೇಲೆ ನಿಂತಿತ್ತು. ಎಷ್ಟು ಗಂಭೀರ ಅಭಿನಯ ಎಂದು ಜನ ನಿಲುವಂಗಿಗೆ ಚಪ್ಪಾಳೆ ತಟ್ಟಿದರು! ನಾವೂ ಅದನ್ನೇ ಮಾಡಿದೆವು ಅಪ್ಪ. ಇಲ್ಲಿ ಮಾತ್ರ ನೀರು ಕುಡಿದು ಯಾರೂ ವಾಪಸ್ ಬರಲಿಲ್ಲ.

ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಮೇಡಂ ಮುಂದೆ ನಿಂತು ಎಲ್ಲ ಹೇಳಿದೆ. ನೀರಿನ ತೊಟ್ಟಿ, ನೀಲಿ, ತೊಂಬತ್ತೆರಡು. ಶುಕ್ರವಾರ ಅವರು ದೊಡ್ಡ ಸಭೆಯಲ್ಲಿ ಆ ಫೋಟೋ ತೋರಿಸುವವರಿದ್ದರು. ಆ ಫೋಟೋವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಆಮೇಲೆ ರಿಜಿಸ್ಟರ್ ನನ್ನ ಕಡೆ ತಿರುಗಿಸಿ, "ಅಳಿಸಬೇಡ. ಒಂದೇ ಗೆರೆ ಹೊಡಿ, ಕೆಳಗಿರೋದು ಓದೋಕೆ ಬರಬೇಕು. ಪಕ್ಕದಲ್ಲಿ ನಿಜ ಬರಿ, ಸಹಿ ಹಾಕು, ತಾರೀಕು ಹಾಕು" ಎಂದರು. ಹಾಗೇ ಮಾಡಿದೆ. ಮೂರು ತಿಂಗಳು ಇಲಿ ಮುಟ್ಟುವಂತಿಲ್ಲ, ಗಾಜಿನ ಸಾಮಾನು ತೊಳೆಯಬೇಕು. ಬಾಟಲಿ ಇಲಾಖೆಗೆ ನನಗೆ ಬಡ್ತಿ ಸಿಕ್ಕಿದೆ ಎಂದು ನೆಂಟರಿಗೆ ಹೇಳಬಹುದು.

ಬಾಗಿಲವರೆಗೆ ಹೋಗಿ ವಾಪಸ್ ಬಂದು, "ಹಾಗಾದ್ರೆ ಎಲ್ಲ ಮುಗೀತಾ ಮೇಡಂ?" ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಮುಗಿಯೋದೇನು, ಈಗ ಶುರು. ಯಾಕೆ ಸಾಯ್ತವೆ ಅಂತ ನೋಡಬೇಕು, ಸತ್ತರೆ ಆರಿಹೋಗೋ ಬೆಳಕು ಹುಡುಕಬೇಕು. ಆದ್ರೆ ಒಂದು ಮಾತು ತಿಳ್ಕೋ. ಇದು ನಿಮ್ಮಪ್ಪನಿಗೆ ಆಗೋ ಕೆಲಸ ಅಲ್ಲ. ಇನ್ಯಾವಾಗಲೋ ಇನ್ಯಾರಪ್ಪನಿಗೋ ಆಗುತ್ತೆ. ನಿಮ್ಮಪ್ಪನ್ನ ಆಪರೇಷನ್‌ಗೆ ಕಳಿಸು."

ಇಲಿಮಾವ ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನನ್ನನ್ನು ಬೈಯಲು ಇಪ್ಪತ್ತು ವರ್ಷದ ಸರಕು ಅವರಲ್ಲಿದೆ. ಬೈಯಲಿಲ್ಲ. "ಹದಿನಾಲ್ಕು ಬಾಳ ಸಾಧು ಇತ್ತಮ್ಮ" ಎಂದಷ್ಟೇ ಹೇಳಿ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಅಲಾರಂ ಹೊಡೆಯಿತು, ಹೋಗಿ ಬಂದೆ. ಇನ್ನು ಒಂದೇ ಸುತ್ತು ಬಾಕಿ.

ಅಪ್ಪ, ನೀನು ಮಹಡಿ ಮೆಟ್ಟಿಲ ಅರ್ಧದಲ್ಲಿ ನಿಂತು ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತೀಯಲ್ಲ, ನಿನ್ನ ಚಪ್ಪಲಿಯಲ್ಲಿ ಸರಿಮಾಡಿಕೊಳ್ಳಲು ಏನೂ ಇಲ್ಲ. ಪಟ್ಟಿ ಇಲ್ಲ, ಬಕಲ್ ಇಲ್ಲ. ಮೊದಲು ಏಳನೇ ಮೆಟ್ಟಿಲಲ್ಲಿ ನಿಲ್ಲುತ್ತಿದ್ದೆ. ಈಗ ನಾಲ್ಕನೆಯದರಲ್ಲಿ. ಅಮ್ಮನೂ ಎಣಿಸುತ್ತಾಳೆ. ಅಡುಗೆಮನೆಯಿಂದ ಪಾತ್ರೆ ಸದ್ದು ನಿಲ್ಲುತ್ತದೆ, ನೀನು ಮತ್ತೆ ಹತ್ತತೊಡಗಿದ ಮೇಲೆ ಶುರುವಾಗುತ್ತದೆ. ಇದಕ್ಕೆ ನಮ್ಮಿಬ್ಬರ ಹತ್ತಿರವೂ ತಮಾಷೆ ಇಲ್ಲ.

ಡಾಕ್ಟರನ್ನು ನಿನ್ನ ಪರವಾಗಿ ಕೇಳಿದೆ. ಎದೆಮೂಳೆ ಕೂಡಿಕೊಳ್ಳಲು ಮೂರು ತಿಂಗಳು, ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ. ಆಮೇಲೆ ಸ್ವಲ್ಪ ಸ್ವಲ್ಪವೇ ಎತ್ತಬಹುದು, ಏಣಿಯ ಮಾತು ಆಮೇಲೆ ನೋಡೋಣ ಎಂದರು. ಖಂಡಿತ ಹತ್ತುತ್ತಾರೆ ಎಂದು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಒಂದು ಸಲ ಹಾಗೆ ಹೇಳಿ ಆಗಿದೆ. ಆ ಮೂರು ತಿಂಗಳು ನಾನು ಬಾಟಲಿ ತೊಳೆಯುತ್ತೇನೆ, ನೀನು ಕುರ್ಚಿಯಲ್ಲಿ ಕೂತು ದೀಪದವರಿಗೆಲ್ಲ ಫೋನಿನಲ್ಲಿ ಬೈದುಕೊಂಡಿರು. ಇಬ್ಬರದೂ ಒಟ್ಟಿಗೇ ಮುಗಿಯುತ್ತದೆ.

ನನಗೇನೂ ಭಯವಿಲ್ಲ.

ಮೇಲಿನ ವಾಕ್ಯಕ್ಕೆ ಒಂದೇ ಗೆರೆ ಹೊಡೆದಿದ್ದೇನೆ, ಪಕ್ಕದಲ್ಲಿ ಸಹಿ ಹಾಕಿದ್ದೇನೆ. ಕೆಳಗಿರುವುದು ಓದಲು ಬರುತ್ತದೆ.

ಆದ್ದರಿಂದ ಮಾನ್ಯರು ದಯಮಾಡಿ ಫೋಟೋವನ್ನು ಕನ್ನಡಿಯಿಂದ ತೆಗೆದು, ಗುರುವಾರ ಬೆಳಿಗ್ಗೆ ಆರಕ್ಕೆ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರಬೇಕಾಗಿ ಕೋರುತ್ತೇನೆ. ಸಿಟ್ಟಿದ್ದರೆ ದಾರಿಯುದ್ದಕ್ಕೂ ಬೈಯಬಹುದು. ಇಲಿಮಾವ ಉಳಿಸಿದ್ದೆಲ್ಲ ನಿನಗೇ ಮೀಸಲು.

ತಮ್ಮ ವಿಧೇಯಳಾಗಲು ಪ್ರಯತ್ನಿಸುತ್ತಿರುವ,
ತಲೆಹರಟೆ

ಲಗತ್ತು: ಒಂಬತ್ತನೇ ಇಲಿಯ ಫೋಟೋ. ಅಷ್ಟು ಚೆನ್ನಾಗಿ ಹೊಳೆಯುವುದಿಲ್ಲ. ಗಂಡಿನ ಗುರುತು ಸಿಕ್ಕ ಎರಡು ಕೋಶಗಳಿಗೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿದ್ದೇನೆ. ಅವು ನಿಜವಾಗಿ ಇದ್ದವು.

ವಿ.ಸೂ.: ಕೊನೆಯ ಅಲಾರಂ ಆಯಿತು, ಇನ್ನು ಓಡಿಹೋಗಲು ನೆಪವಿಲ್ಲ. ಕಳೆದ ತಿಂಗಳ ದಿನವನ್ನು ಮುಂದೂಡಿದ್ದು ಆಸ್ಪತ್ರೆಯವರಲ್ಲ. "ಹಲೋ, ಕೇಳಿಸ್ತಿದೆಯೇನ್ರೀ? ನಮ್ಮನೆಯವರಿಗೆ ನೆಗಡಿ, ಮುಂದಿನ ತಿಂಗಳಿಗೆ ಹಾಕಿ ಕಣ್ರೀ" ಎಂದು ಅಮ್ಮನ ದನಿಯಲ್ಲಿ ಫೋನ್ ಮಾಡಿದವಳು ನಾನು. ಡಾಕ್ಟರಿಗೆ ರಜೆಯಂತೆ ಎಂದು ಮನೆಯಲ್ಲಿ ಹೇಳಿದವಳೂ ನಾನೇ. ನಿನ್ನ ಎದೆ ಕೊಯ್ಯುತ್ತಾರೆ ಎಂಬುದನ್ನು ನನ್ನ ಕೈಯಲ್ಲಿ ತಡೆದುಕೊಳ್ಳಲಾಗಲಿಲ್ಲ, ಅತ್ತ ಹದಿನಾಲ್ಕು ಹೊಳೆಯುತ್ತಿತ್ತು. ನಿನ್ನ ಏಳನೇ ಮೆಟ್ಟಿಲು ನಾಲ್ಕನೆಯದಾದದ್ದು ಈ ತಿಂಗಳಲ್ಲಿ. ಸಿಕ್ಕಿಬೀಳುವ ಮೊದಲೇ ಬರೆದು ಕೊಟ್ಟಿದ್ದೇನೆ, ಆದರೂ ಕಾಲು ಶಿಕ್ಷೆ ಕೇಳುವುದಿಲ್ಲ. ಅಂಚು ಅಗಲವಾಗಿ ಬಿಟ್ಟಿದ್ದೇನೆ, ಬೇಕಾದಷ್ಟು ಬರಿ. ಈಗ ತಾನೇ ಆಸ್ಪತ್ರೆಗೆ ಫೋನ್ ಮಾಡಿ ಗುರುವಾರ ಏಳು ಗಂಟೆ ಎಂದು ಖಚಿತಪಡಿಸಿದೆ. ಆ ಕಡೆಯವರು, "ನೀವು ಪೇಷಂಟ್‌ಗೆ ಏನಾಗಬೇಕು?" ಎಂದು ಕೇಳಿದರು. ನನ್ನದೇ ದನಿಯಲ್ಲಿ, "ಮಗಳು" ಎಂದೆ. ಸರಿಯಾಗಿ ಕೇಳಿಸಲಿಲ್ಲವಂತೆ. ಇನ್ನೊಮ್ಮೆ ಹೇಳಬೇಕಾಯಿತು.